ಸಮುದ್ರದ ತಳದ ಕೂಸಿಗೆ ಗುಗ್ಗರಿ

ನಾರಾಯಣಪೇಟೆ

ನನ್ನ ಮೊಮ್ಮಗಳು ಸಮುದ್ರದ ತಳದಲ್ಲಿ ಈವರೆಗೆ ಯಾರೂ ಗುರುತಿಸದ ಒಂದು ಬಸವನಹುಳುವನ್ನು ಗುರುತಿಸಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನಕ್ಕೆ ಹೇಳಿದರೂ ನಡೆಯುತ್ತದೆ, ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರಲು ನನ್ನಿಂದಾಗದು. ನಮ್ಮ ಓಣಿಯಲ್ಲಿ ಹಾಲು ಹಾಕುವವನಿಗೆ ಹೇಳಿದ್ದೇನೆ, ಗಿರಣಿಯವನಿಗೆ ಹೇಳಿದ್ದೇನೆ. ಮಕ್ತಲದ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗೊತ್ತಿಲ್ಲದ ಹೆಂಗಸಿಗೂ ಹೇಳಿದೆ. ಆಕೆ ಎಲ್ಲ ಕೇಳಿಸಿಕೊಂಡು, "ತಿನ್ನಾಕ ಬರ್ತದೇನ್ರಿ ಅದು?" ಎಂದಳು.

ನಾನು ಓದಿದ್ದು ನಾಲ್ಕನೇ ಇಯತ್ತೆ, ಅದೂ ರಾಯಚೂರು ಕಡೆಯ ತವರಿನಲ್ಲಿ. ಮದುವೆಯಾಗಿ ನಾರಾಯಣಪೇಟೆಯ ನೇಕಾರರ ಮನೆಗೆ ಬಂದೆ. ಮನೆಯವರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯ್ದರು. ನಾನು ಪಕ್ಕದಲ್ಲಿ ರಾಟಿ ಇಟ್ಟುಕೊಂಡು ಐವತ್ತು ವರ್ಷ ಕಂಡಿಕೆ ಸುತ್ತಿದೆ. ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲಿನ ಸುರುಳಿಯೇ ಕಂಡಿಕೆ. ನಡುವೆ ದಪ್ಪ, ಎರಡೂ ತುದಿ ಚೂಪು. ಅವರು ಹೋದ ಮೇಲೆ ಮಗ್ಗ ನಿಂತಿತು, ಕೈಯ ರೂಢಿ ಮಾತ್ರ ನಿಂತಿಲ್ಲ.

ನನ್ನ ಹೆಸರು ಸಂಗಮ್ಮ. ಮೊಮ್ಮಗಳ ಹೆಸರೂ ಸಂಗಮ್ಮ. ಅದು ಹೀಗಾಯಿತು. ಅವಳು ಹುಟ್ಟಿದಾಗ ನಾನು ಜ್ವರ ಬಂದು ಮಲಗಿದ್ದೆ, ಗಂಜಿ ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಮ್ಮಲ್ಲಿ ಹಿರಿಯರು ಕಣ್ಣು ಮುಚ್ಚಿದ ಮೇಲೆ ಅವರ ಹೆಸರನ್ನು ಕೂಸಿಗೆ ಇಡುತ್ತಾರೆ. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನನ್ನ ಮಗಳು ಒಳಗೆ ಮಲಗಿದ್ದ ನನ್ನನ್ನು ಒಮ್ಮೆ ಇಣುಕಿ ನೋಡಿ, ಇನ್ನೇನು ಎರಡು ದಿನ ಅಂದುಕೊಂಡು, ಕೂಸಿನ ಕಿವಿಯಲ್ಲಿ ನನ್ನ ಹೆಸರು ಹೇಳಿಬಿಟ್ಟಳು. ಎಂಟನೇ ದಿನ ನಾನು ಎದ್ದು ಕೂತು ರೊಟ್ಟಿ ಕೇಳಿದೆ. ಹೆಸರು ಆಗಲೇ ಹೋಗಿತ್ತು. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಕರೆಯುವಂತಿಲ್ಲವಲ್ಲ, ಅದಕ್ಕೆ ತಾಯಿ ಮಗಳನ್ನು ಮುನ್ನಿ ಎಂದಳು. ಮನೆಯಲ್ಲಿ ಮುನ್ನಿ. ಶಾಲೆಯ ಕಾಗದದಲ್ಲಿ ಈ ಕಡೆಯ ಪದ್ಧತಿಯಂತೆ ಮನೆತನ ಮೊದಲು, ಹೆಸರು ಆಮೇಲೆ: ಮಗ್ಗದ ಸಂಗಮ್ಮ.

ಮುನ್ನಿ ಮೀನಿನ ವಿದ್ಯೆ ಓದಿದಳು, ಕೊಚ್ಚಿಯಲ್ಲಿ ಸಮುದ್ರ ಶೋಧಿಸುವ ಹಡಗು ಹತ್ತಿದಳು, ಈಗ ನಾರ್ವೆ ದೇಶದ ಬರ್ಗೆನ್ ಎಂಬ ಊರಿನ ಒಂದು ವಸ್ತು ಸಂಗ್ರಹಾಲಯದಲ್ಲಿ ಬಸವನಹುಳುಗಳನ್ನು ನೋಡುವ ಕೆಲಸದಲ್ಲಿದ್ದಾಳೆ. ಒಂದು ದಿನ ಫೋನು ಮಾಡಿದಳು.

"ಆಯಿ, ಹೊಸಾ ಹುಳ ಸಿಕ್ಕೈತಿ. ಹೆಸರು ಇಡಾದೈತಿ. ನೀ ಬರ್ತೀಯೇನು?"

"ಯಾರ ಹೆಸರು ಇಡ್ತೀ?"

"ಬಾ, ಬಂದ ಮ್ಯಾಲ ಹೇಳ್ತೀನಿ," ಎಂದು ನಕ್ಕಳು.

ಆ ನಗೆಯನ್ನೇ ಹಿಡಿದುಕೊಂಡು ಮರುದಿನ ಗದ್ವಾಲಕ್ಕೆ ಹೋದೆ. ಅಲ್ಲಿರುವವಳು ನನ್ನ ಬೀಗತಿ, ಮುನ್ನಿಯ ತಾಯಿಯ ತಾಯಿ. ಅವರದೂ ನೇಕಾರರ ಮನೆಯೇ. ಹತ್ತಿ ಮೈಗೆ ರೇಷ್ಮೆ ಅಂಚು ಕೂಡಿಸುವವರು ತಾವೇ ದೊಡ್ಡವರೆಂದು ಅವರಿಗೆ, ನಮ್ಮ ಚೌಕಡಿಯ ಸೀರೆ ಎದುರು ಅದೇನು ಎಂದು ನಮಗೆ. ಈ ಮೇಲಾಟ ಮೂವತ್ತು ವರ್ಷದಿಂದ ನಗುನಗುತ್ತಲೇ ನಡೆದುಬಂದಿದೆ.

"ಹುಳಕ್ಕ ನನ್ನ ಹೆಸರು ಇಡ್ತಾಳಂತ್ರಿ ಬೀಗತಿ," ಎಂದೆ. ಅಷ್ಟು ಮಾತು ಮುನ್ನಿ ಹೇಳಿರಲಿಲ್ಲ, ನಿಜ.

"ನಿಮ್ಮ ಹೆಸರಾ? ಒಮ್ಮೆ ಕೂಸಿಗಿ ಇಟ್ಟಾಗೈತಲ್ರಿ. ಇನ್ನ ಎಷ್ಟ್ ಕಡಿ ಇಡ್ಬೇಕ್ರಿ ಅದನ್ನ?" ಬೀಗತಿ ಅಡಕೊತ್ತಿನಲ್ಲಿ ಅಡಕೆ ಕತ್ತರಿಸುತ್ತ ಕೇಳಿದಳು. "ಸೂಟಿಗಿ ಬಂದಾಗ ಧರೂರು ಕಾಲುವಿಗಿ ಕರ್ಕೊಂಡು ಹೋಗಿ ಚಿಪ್ಪು ಆರಿಸಾಕ ಕಲಿಸಿದಾಕಿ ನಾನು. ಇಡಾದಿದ್ರ ನನ್ನ ಹೆಸರೇ ಇಡಬೇಕು."

"ನೋಡೂಣ್ರಿ."

"ನೋಡೂಣು. ಇಟ್ರ ಬಂದು ಹೇಳ್ರಿ. ಇಡದಿದ್ರೂ ಬಂದು ಹೇಳ್ರಿ, ಚಾ ಕುಡಿದು ಹೋಗೀರಂತ."

ಇನ್ನು ಹೆಸರಿಲ್ಲದೆ ವಾಪಸು ಬರುವ ಮಾತೇ ಇರಲಿಲ್ಲ.

ಹೈದರಾಬಾದ್

ಹೆಸರಿಡುವ ಕಾರ್ಯಕ್ಕೆ ಬರಿಗೈಯಲ್ಲಿ ಹೋಗುವುದು ಹೇಗೆ? ಬೇಯಿಸಿ ಹಂಚುವ ಗುಗ್ಗರಿಗೆ ಕಡಲೆ ಕಟ್ಟಿಕೊಂಡೆ, ಒಣಕೊಬ್ಬರಿ, ಬೆಲ್ಲ, ಒಂದು ಗೇಣು ನಾರಾಯಣಪೇಟೆ ಬಟ್ಟೆ. ಹುಳುವಿಗೆ ಕುಬುಸ ಎಷ್ಟು ಬೇಕಾಗುತ್ತದೆಂದು ಯಾರಿಗೆ ಗೊತ್ತು. ಬಿಡಲು ಬಂದ ಮಗ ದಾರಿಯಲ್ಲಿ ಮರಿಕಲ್ ಊರು ದಾಟುವವರೆಗೂ "ಅವ್ವಾ, ಅದು ಸತ್ತ ಹುಳ, ಶೀಶೆದಾಗ ಐತಿ" ಎಂದು ಹೇಳುತ್ತಲೇ ಇದ್ದ. ಸತ್ತರೂ ಹೆಸರು ಬೇಡವೇ ಎಂದೆ.

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಚೀಲ ಬಿಚ್ಚಿಸಿದ. ಕಡಲೆ, ಕೊಬ್ಬರಿ, ಬಟ್ಟೆ ನೋಡಿ ಅವನಿಗೆ ಗೊತ್ತಾಯಿತು. "ಎವರಿಕಮ್ಮಾ ಬಾರಸಾಲ?" ಎಂದು ತೆಲುಗಿನಲ್ಲಿ ಕೇಳಿದ. ಯಾರನ್ನಮ್ಮಾ ತೊಟ್ಟಿಲಿಗೆ ಹಾಕುತ್ತಿದ್ದೀರಿ ಅಂತ.

"ನತ್ತಕಿ, ನಾಯನಾ," ಎಂದೆ. ಬಸವನಹುಳುವನ್ನು.

ಅವನು ನನ್ನ ಮುಖ ನೋಡಿದ, ನನ್ನ ಗಾಲಿಕುರ್ಚಿ ತಳ್ಳುತ್ತಿದ್ದ ನಿಲ್ದಾಣದ ಹುಡುಗಿಯ ಮುಖ ನೋಡಿದ, ಚೀಲಕ್ಕೆ ತಾನೇ ಜಿಪ್ ಹಾಕಿ ಕೊಟ್ಟ. ಅಜ್ಜಿಯನ್ನು ಜೋಪಾನ ನೋಡಿಕೋ ಎಂದು ಅವಳಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

ಬರ್ಗೆನ್

ಬರ್ಗೆನ್‌ನಲ್ಲಿ ಮಳೆ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ, ನಿಂತರೆ ಹೇಳುತ್ತಾರೆ. ನಮ್ಮಲ್ಲಿ ನಾಲ್ಕು ಹನಿ ಬಿದ್ದರೆ ಮಗ್ಗಕ್ಕೆ ತಾಡಪಾಲು ಹೊದಿಸಿ ಬಾಗಿಲಲ್ಲಿ ನಿಂತು ಮುಗಿಲು ನೋಡುತ್ತೇವೆ. ಅಲ್ಲಿ ಕೂಸುಗಳನ್ನು ಗಾಡಿಯಲ್ಲಿ ಮಲಗಿಸಿ, ಮೇಲೆ ಹೊದಿಕೆ ಎಳೆದು, ಆ ಚಳಿಯಲ್ಲಿ ಅಂಗಡಿಯ ಹೊರಗೆ ಬಿಟ್ಟು ತಾಯಂದಿರು ಒಳಗೆ ಕಾಫಿ ಕುಡಿಯುತ್ತಾರೆ. ಮೊದಲ ಸಲ ನೋಡಿ ನಾನು ಆ ಗಾಡಿಯ ಪಕ್ಕ ಕಾವಲು ನಿಂತುಬಿಟ್ಟೆ. ತಾಯಿ ಹೊರಗೆ ಬಂದು ನನಗೆ ಕೈಮುಗಿಯುವ ಹಾಗೆ ಏನೋ ಮಾಡಿ ಗಾಡಿ ತಳ್ಳಿಕೊಂಡು ಹೋದಳು. ಬೇಸಿಗೆಯಂತೆ ಅದು. ರಾತ್ರಿ ಹತ್ತಾದರೂ ಹೊತ್ತು ಮುಳುಗುವುದಿಲ್ಲ, ದೇವರಿಗೆ ಸಂಜೆ ದೀಪ ಯಾವಾಗ ಹಚ್ಚಬೇಕೆಂದು ತಿಳಿಯದೆ ಗಡಿಯಾರ ನೋಡಿ ಹಚ್ಚುತ್ತಿದ್ದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಾರೆ. ಯಾರ ಮೈಯೂ ಯಾರಿಗೂ ತಾಗಬಾರದು. ನಮ್ಮ ಬಸ್ಸಿನಲ್ಲಿ ಇಳಿಯುವಷ್ಟರಲ್ಲಿ ಪಕ್ಕದವಳ ಮಗಳ ಹೆರಿಗೆಯವರೆಗೆ ಗೊತ್ತಾಗಿರುತ್ತದೆ. ಒಂದು ಮಾತ್ರ ಮೆಚ್ಚಿದೆ: ಹೊಸಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ.

ಇಷ್ಟೆಲ್ಲ ಆಮೇಲೆ ಕಂಡದ್ದು. ವಿಮಾನ ಇಳಿದಾಗ ಮೊದಲು ಕಂಡದ್ದು ಮುನ್ನಿಯ ಪಕ್ಕ ನಿಂತ ಒಬ್ಬ ಮುದುಕಿ.

ನನ್ನಷ್ಟೇ ವಯಸ್ಸು, ನನಗಿಂತ ಎರಡು ಗೇಣು ಎತ್ತರ, ಬಿಳಿ ಕೂದಲು ಮೋಟು. ಅವಳು ತೊಟ್ಟ ಉಣ್ಣೆ ಅಂಗಿಯ ಮೇಲೆ ನಕ್ಷತ್ರದ ಹೆಣಿಗೆ. ಮುನ್ನಿ ತೊಟ್ಟದ್ದೂ ಅದೇ ನಕ್ಷತ್ರ, ಅದೇ ನೀಲಿ.

"ಆಯಿ, ಇವರು ಬೆರಿತ್. ನನ್ನ ಹುಳದ ಚಿತ್ರ ಬರಿಯಾಕಿ. ಈ ಅಂಗಿ ಇವರೇ ಹೆಣೆದು ಕೊಟ್ಟಾರ."

"ಚಂದೈತಿ," ಎಂದೆ. ಐವತ್ತು ವರ್ಷ ನೂಲು ಸುತ್ತಿದವಳು ನಾನು, ನನ್ನ ಮೊಮ್ಮಗಳ ಮೈಮೇಲೆ ಇವಳ ನೂಲು. ಬಾಡಿಗೆ ಕಾರಿನಲ್ಲಿ ಬೆರಿತ್ ನನಗೆ ಮುಂದಿನ ಸೀಟು ಕೊಟ್ಟಳು, ಹಿಂದೆ ಅವಳ ಪಕ್ಕ ಕೂತು ಮುನ್ನಿ ಅವಳ ಭಾಷೆಯಲ್ಲಿ ಮಾತಾಡುತ್ತ ಬಂದಳು. ದಾರಿಯುದ್ದಕ್ಕೂ ಗುಡ್ಡ, ನೀರು, ಗುಡ್ಡ. ಒಂದನ್ನೂ ನಾನು ಸರಿಯಾಗಿ ನೋಡಲಿಲ್ಲ.

ಶೀಶೆಗಳ ಮನೆ

ಸಂಗ್ರಹಾಲಯದ ಬಾಗಿಲಲ್ಲಿ ಒಂದು ಪುಸ್ತಕದಲ್ಲಿ ಹೆಸರು ಬರೆಯಬೇಕು. ನಾನು ಕನ್ನಡದಲ್ಲಿ ಬರೆದೆ, ಮುನ್ನಿ ಪಕ್ಕದಲ್ಲಿ ಅದನ್ನು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ತನ್ನದನ್ನೂ ಬರೆದಳು. ಬಾಗಿಲ ಕಾಯುವವನು ಹೆಸರು ನೋಡಿ, ಮುನ್ನಿಯನ್ನು ನೋಡಿ, ಬೆರಳು ಆಡಿಸಿ ಏನೋ ಕೇಳಿದ.

"ಒಂದೇ ಹೆಸರು ಎರಡು ಸಲ ಯಾಕ ಬರ್ದಿ ಅಂತ ಕೇಳಾಕತ್ತಾನ," ಎಂದಳು ಮುನ್ನಿ.

"ಒಂದು ನಂದು, ಒಂದು ನೀನು ಸಾಲ ತಗೊಂಡಿದ್ದು ಅಂತ ಹೇಳು."

ಅಲ್ಲಿ ಅವಳನ್ನು ಮುನ್ನಿ ಎನ್ನುವವರಿಲ್ಲ. ಮೆಟ್ಟಿಲಲ್ಲಿ ಒಬ್ಬರು "ಸಂಗಮ್ಮ" ಎಂದರು, ನಾನು ತಿರುಗಿದೆ. ಒಳಗಿನಿಂದ ಇನ್ನೊಬ್ಬರು "ಡಾಕ್ಟರ್ ಸಂಗಮ್ಮ" ಎಂದರು, ಮತ್ತೆ ತಿರುಗಿದೆ. ಒಂದು ವಾರ ಹೀಗೇ ಕತ್ತು ತಿರುಗಿಸಿ ತಿರುಗಿಸಿ ನೋವಾಯಿತು. ಕಡೆಗೆ ಸುಮ್ಮನೆ ಕೂರುವುದನ್ನು ಕಲಿತೆ. ಆದರೆ ಪ್ರತಿ ಸಲ ಒಳಗೊಳಗೆ ಹಿಗ್ಗುತ್ತಿದ್ದೆ. ಏಳು ಸಮುದ್ರದಾಚೆ ನನ್ನ ಹೆಸರಿಗೆ ಡಾಕ್ಟರ್ ಹತ್ತಿದೆಯಲ್ಲ.

ಕಪಾಟಿನ ತುಂಬ ಶೀಶೆ, ಶೀಶೆಯ ತುಂಬ ಹುಳು. ಮುನ್ನಿ ಒಂದು ಪುಟ್ಟ ಡಬ್ಬಿ ತೆಗೆದು, ಹತ್ತಿಯ ಮೇಲೆ ಕೂರಿಸಿದ ಒಂದು ಚಿಪ್ಪನ್ನು ಭೂತಗನ್ನಡಿಯ ಯಂತ್ರದ ಕೆಳಗಿಟ್ಟಳು. "ನೋಡು ಆಯಿ."

ನೋಡಿದೆ. ಕಿರುಬೆರಳ ಉಗುರಿನಷ್ಟು ಚಿಪ್ಪು, ಹಾಲಿನಂಥ ಬಿಳುಪು. ನಡುವೆ ದಪ್ಪ, ಎರಡೂ ತುದಿ ಚೂಪು, ಸುತ್ತಲೂ ಒಂದೇ ಹದದಲ್ಲಿ ಸುತ್ತಿದ ಸಣ್ಣ ಸಣ್ಣ ಎಳೆ.

"ಯವ್ವಾ! ಕಂಡಿಕಿ!"

"ಹೂಂ ಆಯಿ. ಮೊದಲ ಸಲ ನೋಡ್ದಾಗ ನನಗೂ ಹಂಗೇ ಅನಿಸ್ತು."

ನನ್ನ ಕಣ್ಣು ತುಂಬಿ ಯಂತ್ರದಲ್ಲಿ ಏನೂ ಕಾಣದಾಯಿತು. ಬೆಳಕೇ ಹೋಗದ ಆಳದಲ್ಲಿ, ಕಣ್ಣೇ ಇಲ್ಲದ ಹುಳು, ಯಾರೂ ಕಲಿಸದೆ ಇಷ್ಟು ಸಮನಾಗಿ ಸುತ್ತಿದೆ. ನನಗೆ ಅತ್ತೆಯ ಕೈಯಲ್ಲಿ ಎಷ್ಟು ಏಟು ಬಿದ್ದಿದ್ದವು ಇದನ್ನು ಕಲಿಯಲು! ಅದರ ನಾಲಗೆಯ ಮೇಲೆ ಹಲ್ಲಿನ ಸಾಲು ಇರುತ್ತದಂತೆ, ಫೋಟೋದಲ್ಲಿ ತೋರಿಸಿದಳು, ಥೇಟ್ ನಮ್ಮ ಮಗ್ಗದ ಹಣಿಗೆ. ಹೊಸ ಹುಳು ಎಂದು ಸುಮ್ಮನೆ ಹೇಳುವಂತಿಲ್ಲ. ಇದುವರೆಗೆ ಹೆಸರಿಟ್ಟ ಅದರ ಬಳಗವನ್ನೆಲ್ಲ ಪಕ್ಕಕ್ಕಿಟ್ಟು, ಇದು ಅದಲ್ಲ, ಅದೂ ಅಲ್ಲ ಎಂದು ತೋರಿಸಬೇಕು. ಸುತ್ತು ಎಷ್ಟು, ಎಳೆ ಎಷ್ಟು, ಬಾಯಿ ಹೇಗೆ, ಒಂದೊಂದನ್ನೂ ಬರೆಯಬೇಕು. ಸಿಕ್ಕ ಹನ್ನೊಂದು ಚಿಪ್ಪಿನಲ್ಲಿ ಒಂದನ್ನು ಆರಿಸಿ ಅದಕ್ಕೆ ಕೆಂಪು ಚೀಟಿ ಕಟ್ಟುತ್ತಾರೆ. ಇನ್ನು ಮುಂದೆ ಆ ಹೆಸರೆಂದರೆ ಆ ಚಿಪ್ಪು. ಮಾದರಿಗೆಂದು ತೆಗೆದಿಟ್ಟ ಮೊದಲ ಸೀರೆ ಇದ್ದ ಹಾಗೆ.

"ಹೆಸರು ಯಾರದು?" ಎಂದು ಕೇಳಿದೆ. ಕೇಳುವಾಗಲೇ ಸೆರಗು ಸರಿಮಾಡಿಕೊಂಡೆ.

ಮುನ್ನಿ ಕಿಟಕಿಯ ಪಕ್ಕ ಮೇಜಿಗೆ ಬಾಗಿ ಕೂತಿದ್ದ ಬೆರಿತಳ ಕಡೆ ನೋಡಿದಳು. "ಅವರದು ಆಯಿ. ನಲವತ್ತು ವರ್ಷ ಇಲ್ಲಿ ಚಿಪ್ಪಿನ ಚಿತ್ರ ಬರ್ದಾರ. ಕೈ ನಡಗಾಕ ಹತ್ಯಾವ. ಇದೇ ಕಡೀ ಚಿತ್ರ ಅಂತ ಹೇಳ್ಯಾರ."

ಕಂಡಿಕೆಯಂಥ ಹುಳು. ಅದಕ್ಕೆ ಬೆರಿತ್ ಎಂಬ ಹೆಸರು. ಗದ್ವಾಲದ ಮನೆಯ ಅಡಕೊತ್ತಿನ ಸಪ್ಪಳ ಮಾತ್ರ ಕಿವಿಯಲ್ಲಿ ಕಟ್ ಕಟ್ ಎಂದಿತು.

ಬೆರಿತಳ ಅಡುಗೆಮನೆ

ಆ ಭಾನುವಾರ ಬೆರಿತ್ ಊಟಕ್ಕೆ ಕರೆದಳು. ಮನೆ ಗುಡ್ಡದ ಮೇಲೆ, ಮರದ್ದು, ಬಿಳಿ ಬಣ್ಣ. ನನ್ನ ಕಾಲು ಚಳಿಗೆ ಸೆಟೆದದ್ದು ನೋಡಿ ತಾನು ಹೆಣೆದ ಕಾಲುಚೀಲ ತಂದು ಮುಂದಿಟ್ಟಳು. "ನಕ್ಕೋ, ಬ್ಯಾಡ," ಎಂದೆ. ಅವಳಿಗೆ ಅದು ತಿಳಿಯಲಿಲ್ಲವೋ ಬೇಕೆಂದೇ ತಿಳಿಯಲಿಲ್ಲವೋ, ನೆಲಕ್ಕೆ ಕೂತು ತಾನೇ ನನ್ನ ಕಾಲಿಗೆ ಹಾಕಿದಳು. ನನ್ನ ವಯಸ್ಸಿನವಳಿಂದ ಕಾಲು ಮುಟ್ಟಿಸಿಕೊಂಡು ನನಗೆ ನಾಚಿಕೆಯಾಯಿತು. ಕಾಲು ಬೆಚ್ಚಗಾಗಿದ್ದಕ್ಕೆ ಸಿಟ್ಟೂ ಬಂತು.

ಹೂವಿನ ಎಸಳಿನ ಹಾಗೆ ಇರುವ ಒಂದು ರೊಟ್ಟಿ ಹುಯ್ದಳು. ಅದರ ಮೇಲೆ ಕಂದು ಬಣ್ಣದ ಚೀಸು ಹೆರೆದು ಹಾಕಿದಳು. ಬಾಯಿಗಿಟ್ಟರೆ ಬೆಲ್ಲ ಹಾಕಿದ ಗಿಣ್ಣ! ಎಮ್ಮೆ ಈದಾಗ ನಮ್ಮಲ್ಲಿ ಮಾಡುವ ಗಿಣ್ಣವೇ. ಒಲ್ಲೆ ಎನ್ನಬೇಕೆಂದು ಕೂತವಳು ಮೂರು ತಿಂದೆ. ಬೆರಿತ್ ಬಟ್ಟಲು ಎತ್ತಿದಾಗ ಅವಳ ಕೈ ನಡುಗಿ ಕಾಫಿ ತಟ್ಟೆಗೆ ಚೆಲ್ಲಿತು. ನಮ್ಮ ಮನೆಯವರಿಗೂ ಕಡೆಗಾಲದಲ್ಲಿ ಹಾಗೇ ಆಗಿತ್ತು, ಲೋಟ ಹಿಡಿಯಲು ಬಾರದ ಕೈ ಲಾಳಿ ಹಿಡಿದರೆ ನೆಟ್ಟಗಾಗುತ್ತಿತ್ತು. ಅಯ್ಯೋ ಪಾಪ ಅನಿಸಿತು. ಹೊಟ್ಟೆಕಿಚ್ಚು ಮಾತ್ರ ಇದ್ದಲ್ಲೇ ಇತ್ತು.

ಯಾಕೆಂದರೆ ಅಷ್ಟರಲ್ಲಿ ಮುನ್ನಿ ಎದ್ದು ಕಪಾಟು ತೆರೆದು, ಕೇಳದೆ, ಹುಡುಕದೆ, ಸಕ್ಕರೆಯ ಡಬ್ಬಿ ತೆಗೆದಳು. ಆ ಮನೆಯ ಸಕ್ಕರೆ ಎಲ್ಲಿದೆ ಎಂದು ಅವಳಿಗೆ ಗೊತ್ತು.

"ನಿನ್ನ ಹುಳಕ್ಕ ಇವಳ ಹೆಸರು, ನಿನ್ನ ಮೈಮ್ಯಾಲ ಇವಳ ಅಂಗಿ. ನಮ್ಮ ಮನ್ಯಾಗ ಸಕ್ಕರಿ ಎಲ್ಲೈತಿ, ನೆಪ್ಪೈತೇನು ನಿನಗ?" ಎಂದೆ. ಬೆರಿತಳನ್ನು ನೋಡಿ ನಗುತ್ತಲೇ ಎಂದೆ, ಅವಳಿಗೆ ತಿಳಿಯಬಾರದೆಂದು.

ಮುನ್ನಿ ನಗಲಿಲ್ಲ. "ಹಿತ್ತಾಳಿ ಡಬ್ಬಿ, ಮ್ಯಾಲಿನ ಹಲಗಿ, ಇರುವಿ ಬರಬಾರದಂತ ಅದರಾಗ ಲವಂಗ. ಆಯಿ, ನಾನು ನಿನ್ನ ಹೆಸರು ಇಡಬೇಕಂತಲೇ ಮೊದಲು ಬರದಿದ್ದೆ. ನಮ್ಮ ಸಾಹೇಬರು ಓದಿ, ಅದ್ಯಾಕ ನಿನ್ನ ಹೆಸರು ನೀನೇ ಇಟ್ಕೊಂಡೀ ಅಂತ ಕೇಳಿದ್ರು. ನಮ್ಮ ಕೆಲಸದಾಗ ಅದು ನಾಚಿಕಿ ಮಾತು. ತನ್ನ ಹೆಸರು ತಾನು ಇಟ್ಕೊಳ್ಳಂಗಿಲ್ಲ. ನನ್ನ ಹೆಸರಲ್ಲರೀ, ನಮ್ಮ ಆಯಿದು ಅಂದೆ. ಓದೋರಿಗಿ ಹೆಂಗ ಗೊತ್ತಾಗಬೇಕು ಅಂದ್ರು. ನಾನೇನ ಮಾಡ್ಲಿ? ಅತ್ತಿ ಅವತ್ತು ಇನ್ನೆಂಟು ದಿನ ತಡೀಬೇಕಿತ್ತು."

ಸಾಯದೆ ಉಳಿದದ್ದು ನನ್ನದೇ ತಪ್ಪು ಎಂದ ಹಾಗಾಯಿತು. ಬೆರಿತ್ ನಮ್ಮಿಬ್ಬರನ್ನೂ ನೋಡಿ, ಇನ್ನೊಂದು ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು. ಅದನ್ನೂ ತಿಂದೆ.

ಹದಿಮೂರು ಎಳೆ

ಮರುದಿನದಿಂದ ನಾನು ಬೆರಿತಳ ಚಿತ್ರದಲ್ಲಿ ತಪ್ಪು ಹುಡುಕಲು ಕೂತೆ. ಮುಚ್ಚಿಟ್ಟು ಏನು ಮಾಡಲಿ, ಅದಕ್ಕೇ ಕೂತೆ. ಚಿತ್ರ ಕೆಟ್ಟರೆ ಹೆಸರು ಕೆಟ್ಟೀತು ಎಂಬ ಆಸೆ.

ಚಿತ್ರ ದೊಡ್ಡದು, ಎಳೆಗಳೆಲ್ಲ ಸ್ಪಷ್ಟ. ಕೊನೆಯ ಸುತ್ತಿನಲ್ಲಿ ಹದಿನಾಲ್ಕು ಎಳೆ ಎಣಿಸಿದೆ. ಮೇಜಿನ ಮೇಲೆ ಒಂದು ಚಿಪ್ಪು ಯಂತ್ರದ ಕೆಳಗೇ ಇತ್ತು. ಸವೆದ ಚಿಪ್ಪು, ಮೇಲಿನಿಂದ ಬೀಳುವ ಬೆಳಕಿನಲ್ಲಿ ಎಲ್ಲ ಒಂದೇ ಬಿಳುಪು. ಆದರೆ ಹಳೆಯ ಸೀರೆಯ ಅಂಚನ್ನು ಎಣಿಸಬೇಕಾದರೆ ನಾವು ಏನು ಮಾಡುತ್ತೇವೆ? ಬೆಳಕನ್ನು ನೆಲಮಟ್ಟಕ್ಕೆ ತಂದು ಓರೆಯಾಗಿ ಬಿಡುತ್ತೇವೆ. ಆಗ ಒಂದೊಂದು ಎಳೆಗೂ ನೆರಳು ಹುಟ್ಟುತ್ತದೆ. ಮೇಜಿನ ದೀಪವನ್ನು ಹಾಗೇ ಬಗ್ಗಿಸಿದೆ. ಎಳೆಗಳು ಎದ್ದು ನಿಂತವು. ಎಣಿಸಿದೆ. ಮತ್ತೆ ಎಣಿಸಿದೆ. ಹದಿಮೂರು.

"ಮುನ್ನೀ! ಚಿತ್ರ ತಪ್ಪೈತಿ! ಒಂದು ಎಳಿ ಜಾಸ್ತಿ ಬರ್ದಾಳ ನಿಮ್ಮ ಬೆರಿತ್!"

ಇಡೀ ಕೋಣೆ ತಿರುಗಿ ನೋಡಿತು. ಮುನ್ನಿ ಅವಳ ಭಾಷೆಯಲ್ಲಿ ತಿಳಿಸಿದಾಗ ಬೆರಿತ್ ಪೆನ್ಸಿಲು ಕೆಳಗಿಟ್ಟು ಎದ್ದಳು. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಬಂದು ಯಂತ್ರಕ್ಕೆ ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು. ಆಮೇಲೆ ಚಿಪ್ಪಿನ ಚೀಟಿಯನ್ನು ಬೆರಳಿನಿಂದ ತೋರಿಸಿದಳು.

"ಆಯಿ," ಮುನ್ನಿ ಮೆಲ್ಲಗೆ ಹೇಳಿದಳು, "ನೀ ನೋಡಿದ್ದು ಬ್ಯಾರೆ ಚಿಪ್ಪು. ಚಿತ್ರ ಕೆಂಪು ಚೀಟಿ ಚಿಪ್ಪಿಂದು. ಅದರಾಗ ಹದಿನಾಲ್ಕೇ ಅದಾವ. ಆಕಿ ಬರ್ದಿದ್ದು ಸರಿ ಐತಿ."

ನೆಲ ಬಿರಿದರೆ ಇಳಿದುಬಿಡೋಣ ಅನಿಸಿತು. ಬೇರೆ ಸೀರೆಯ ಅಂಚು ಎಣಿಸಿ ಈ ಸೀರೆ ತಪ್ಪು ಎಂದವಳನ್ನು ನಮ್ಮ ಓಣಿಯಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಅಷ್ಟರಲ್ಲಿ ಮುನ್ನಿಯೇ, "ಒಂದು ನಿಮಿಷ ತಡಿ. ಇದರಾಗ ಹದಿಮೂರಾ?" ಎಂದು ಯಂತ್ರಕ್ಕೆ ಬಾಗಿದಳು. ಸವೆದವೆಂದು ಆರು ಚಿಪ್ಪುಗಳನ್ನು ಅವಳು ಎಣಿಸದೆ ಬಿಟ್ಟಿದ್ದಳು, ಅದರಲ್ಲಿ ಇದೊಂದು. ಎಲ್ಲಕ್ಕೂ ಹದಿನಾಲ್ಕು ಎಂದು ಬರೆದಿದ್ದಳು. "ಆಯಿ, ಉಳಿದವನ್ನೂ ಎಣಸ್ತೀಯೇನು?"

ಬೆರಿತ್ ತನ್ನ ಕುರ್ಚಿಯನ್ನು ಎಳೆದು ನನ್ನ ಪಕ್ಕ ಹಾಕಿದಳು. ನಾನು ದೀಪ ಓರೆ ಮಾಡಿ ಎಣಿಸಿದೆ, ಅವಳು ಬರೆದುಕೊಂಡಳು. ಒಂದಾದ ಮೇಲೆ ಅವಳೂ ನೋಡುತ್ತಿದ್ದಳು, ನಾನು ಬೆರಳಲ್ಲಿ ತೋರಿಸಿದ್ದಕ್ಕೂ ಅವಳ ಲೆಕ್ಕಕ್ಕೂ ಎಲ್ಲೂ ವ್ಯತ್ಯಾಸ ಬರಲಿಲ್ಲ. ಎರಡರಲ್ಲಿ ಹದಿಮೂರು, ನಾಲ್ಕರಲ್ಲಿ ಹದಿನಾಲ್ಕು. ಮುನ್ನಿ ತಾನು ಬರೆದದ್ದನ್ನು ತಿದ್ದಿದಳು: ಹದಿಮೂರರಿಂದ ಹದಿನಾಲ್ಕು. ಸಂಜೆ ಮನೆಗೆ ಹೊರಟಾಗ ಬೆರಿತ್ ನನ್ನ ಕಣ್ಣನ್ನು ತೋರಿಸಿ, ತನ್ನ ಎದೆಯ ಮೇಲೆ ಕೈಯಿಟ್ಟು ಏನೋ ಅಂದಳು. ಮುನ್ನಿ ಅದನ್ನು ತಿಳಿಸಲು ಬಾಯಿ ತೆರೆದಳು. ಬೇಡ, ಗೊತ್ತಾಯಿತು ಎಂದೆ.

ಹೆಸರಿಟ್ಟ ದಿನ

ಬರಹ ಅಚ್ಚಿಗೆ ಒಪ್ಪಿಗೆಯಾಯಿತೆಂದು ಸುದ್ದಿ ಬಂದ ದಿನ ನಾನು ಕಡಲೆ ನೆನೆಹಾಕಿದೆ. ಮುನ್ನಿಗೆ ಮೊದಲು ನಾಚಿಕೆ, ಆಮೇಲೆ ನನಗಿಂತ ಉತ್ಸಾಹ. ಊಟದ ಕೋಣೆಯಲ್ಲಿ ಅವರ ಮಂದಿಯೆಲ್ಲ ಸೇರಿದರು. ಅವರು ಮಧ್ಯಾಹ್ನಕ್ಕೆ ಕಾಗದದಲ್ಲಿ ಸುತ್ತಿ ತರುವ ತಣ್ಣನೆಯ ಬ್ರೆಡ್ಡಿನ ಪಕ್ಕ ನನ್ನ ಬಿಸಿ ಗುಗ್ಗರಿ, ಕೊಬ್ಬರಿ, ಬೆಲ್ಲ. ಒಬ್ಬ ದೊಡ್ಡ ಗಡ್ಡದವನು ಮೂರು ಸಲ ಕೈಯೊಡ್ಡಿದ. ಗಾಜಿನ ತಟ್ಟೆಯಲ್ಲಿ ಹತ್ತಿ, ಹತ್ತಿಯ ಮೇಲೆ ಕೆಂಪು ಚೀಟಿಯ ಚಿಪ್ಪು, ಸುತ್ತ ನಾರಾಯಣಪೇಟೆಯ ಬಟ್ಟೆ.

"ಕಿವಿಯಾಗ ಹೆಸರು ಯಾರು ಹೇಳ್ಬೇಕು ಆಯಿ? ಹುಳಕ್ಕ ಸೋದರತ್ತಿ ಎಲ್ಲಿಂದ ತರಾಣ?"

"ನಾನೇ ಹೇಳ್ತೀನಿ, ಸರಿ."

"ಮುಟ್ಟಬ್ಯಾಡ. ಜೋರಾಗಿ ಉಸುರು ಬಿಡಬ್ಯಾಡ, ಹಾರಿ ಹೋದೀತು. ಹೆಸರು ನೆಪ್ಪೈತಲ್ಲ?"

"ಐತಿ."

ಬಾಗಿದೆ. ಚಿಪ್ಪಿನ ಬಾಯಿ ಥೇಟ್ ಕೂಸಿನ ಕಿವಿಯಂತೆ ನನ್ನ ಕಡೆಗೇ ಇತ್ತು. ಮುನ್ನಿ ಬೆನ್ನಿಗೆ ಗುದ್ದಿದಳು, ಗಡ್ಡದವನು ಹೆದರಿ ಹೆದರಿ ತಟ್ಟಿದ, ಕಡೆಗೆ ಒಂದು ನಡುಗುವ ಕೈ ಹಗುರವಾಗಿ ಬಂದು ಕೂತಿತು. ನಾನು ಕುರ್ರ್ ಎಂದೆ. ಆಮೇಲೆ ಮೂರು ಸಲ, ಚಿಪ್ಪಿಗೆ ಮಾತ್ರ ಕೇಳುವ ಹಾಗೆ, ಹೇಳಿದೆ: ಸಂಗಮ್ಮ, ಸಂಗಮ್ಮ, ಸಂಗಮ್ಮ.

ಎದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಬೆರಿತ್ ನನ್ನನ್ನು ಅಪ್ಪಿಕೊಂಡಳು, ಕೆನ್ನೆ ಒದ್ದೆಯಾಗಿತ್ತು.

ಈ ಪಾಪ ವಾಪಸು ಬರುವಾಗ ವಿಮಾನದುದ್ದಕ್ಕೂ ನನ್ನನ್ನು ಕಾಡಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತು. ಕಾಡಲಿಲ್ಲ. ಬೆರಿತಳ ಕಾಲುಚೀಲ ಹಾಕಿಕೊಂಡು ಸುಖವಾಗಿ ನಿದ್ದೆ ಮಾಡಿದೆ.

ಮಕ್ತಲ

ಊರಿಗೆ ಬಂದು ಎರಡು ತಿಂಗಳಾದರೂ ಗದ್ವಾಲದ ಕಡೆ ಹೋಗಲಿಲ್ಲ. ಮೊಣಕಾಲು ನೋವು ಎಂದು ಹೇಳಿ ಕಳಿಸಿದೆ. ಬೀಗತಿ ಎರಡು ಸಲ ಫೋನು ಮಾಡಿ ಮೊಣಕಾಲಿಗೆ ಮದ್ದು ಹೇಳಿದಳು, ಹುಳುವಿನ ಸುದ್ದಿ ಎತ್ತಲಿಲ್ಲ. ಎತ್ತದೆ ಇರುವುದನ್ನು ಅವಳಿಂದ ಕಲಿಯಬೇಕು.

ಅಚ್ಚಾದ ಬರಹವನ್ನು ಮುನ್ನಿ ಮಗನ ಫೋನಿಗೆ ಕಳಿಸಿದಳು. ಮಕ್ತಲದಲ್ಲಿ ನಮ್ಮ ನೆಂಟರ ಮದುವೆಗೆ ಹೋದಾಗ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಕಾಗದದ ಮೇಲೆ ತೆಗೆಸಿದೆವು. ಅಂಗಡಿಯವಳು ಕನ್ನಡಕ ಏರಿಸಿ ಮೊದಲ ಪುಟ ನೋಡಿದಳು. ಬೆರಿತಳ ಚಿತ್ರ, ನನ್ನ ಕಂಡಿಕೆ. ಅದರ ಕೆಳಗಿನ ಸಾಲನ್ನು ತಡವರಿಸಿ ಓದಿದಳು. ಮೊದಲು ಬಾಯಿಗೆ ಬಾರದ ಒಂದು ಕುಲದ ಹೆಸರು, ಆಮೇಲೆ ಬೆರಿತಳ ಹೆಸರಿಗೆ ಒಂದು ಬಾಲ. ಅಲ್ಲಿಗೆ ನಿಲ್ಲಿಸದೆ ಮುಂದೆ ಓದಿದಳು:

"…ಸಂಗಮ್ಮ. ಸಂಗಮ್ಮ ಅಂದ್ರ ಯಾರ್ರಿ? ಹುಳದ ಹೆಸರಿನ ಜೋಡೀನೇ ಬರ್ದಾರಲ್ಲ."

ನಾನು ಕಿವಿಯಲ್ಲಿ ಹೇಳಿದ್ದು ಅಚ್ಚಿನಲ್ಲಿ ಬಂದಿದೆ! ಅಂಗಡಿಯಲ್ಲೇ ನಿಂತು ಮುನ್ನಿಗೆ ಫೋನು ಹಚ್ಚಿಸಿದೆ.

"ಹೌದಲ್ಲ ಆಯಿ," ಅಂದಳು ಆಚೆಯಿಂದ. "ಯಾರು ಮೊದಲು ಬರ್ದು ಹೆಸರು ಇಡ್ತಾರ, ಅವರ ಮನೆತನದ ಹೆಸರು ಹುಳದ ಹೆಸರಿನ ಬೆನ್ನಿಗೇ ಬರ್ತದ. ಎಲ್ಲಿ ಬರ್ದ್ರೂ, ಯಾವಾಗ ಬರ್ದ್ರೂ. ಮಂದಿ ಮನೆತನ ಕಡೀಗಿ ಬರಿತಾರ, ನಾವು ಮೊದಲು ಬರಿತೀವಿ. ಇಲ್ಲಿಯವರು ಕಡೀದನ್ನ ನೋಡಿ ಸಂಗಮ್ಮ ಅನ್ನಾದೇ ನಮ್ಮ ಮನೆತನ ಅಂತ ತಿಳ್ಕೊಂಡಾರ. ಬಂದಾಗಿಂದ ನಾನೂ ತಿದ್ದಲಿಲ್ಲ."

"ಯಾಕ ತಿದ್ದಲಿಲ್ಲ?"

"ಚಂದ ಕೇಳಸ್ತಿತ್ತು."

ಅಂಗಡಿಯವಳು ಕುರ್ಚಿ ಕೊಟ್ಟಳು. ಕೂತೆ. ನಾನು ಕದ್ದು ಹೇಳಿದ್ದು ಮೊದಲೇ ಅಲ್ಲಿತ್ತು. ಬೆರಿತಳ ಹೆಸರನ್ನು ಹೇಳಿದವರೆಲ್ಲ ಇನ್ನು ನನ್ನ ಹೆಸರನ್ನೂ ಹೇಳಲೇಬೇಕು, ನನ್ನದನ್ನು ಹೇಳಬೇಕಾದರೆ ಅವಳದು ಮೊದಲು. ಪಕ್ಕ ಪಕ್ಕ ಕುರ್ಚಿ ಹಾಕಿ ಕೂತ ಹಾಗೆ. ಒಂದು ಗಳಿಗೆ ಅವಳು ಮೊದಲು ಯಾಕೆ ಅನಿಸಿತು. ಇರಲಿ, ಮನೆ ಅವಳದು.

ಗದ್ವಾಲ

ಮಗನಿಗೆ ನೀನು ಊರಿಗೆ ಹೋಗು ಎಂದೆ. ಮದುವೆಯ ಸೀರೆಯಲ್ಲೇ ಗದ್ವಾಲದ ಬಸ್ಸು ಹತ್ತಿದೆ. ಮೊಣಕಾಲು ನೋವು ನೆನಪಿಗೇ ಬರಲಿಲ್ಲ.

ಬೀಗತಿ ಬಾಗಿಲಲ್ಲೇ ಇದ್ದಳು. "ಬರ್ರಿ ಬರ್ರಿ. ಮದ್ದು ನಾಟಿತೇನ್ರಿ?" ಎಂದು ಚಾಪೆ ಹಾಸಿದಳು. ನೀರು ಕೊಟ್ಟಳು. ಅಡಕೊತ್ತು ತೆಗೆದಳು. ಆಮೇಲೆ, ನನ್ನನ್ನು ನೋಡದೆ, "ಅಂದಂಗ ಆ ಹುಳಕ್ಕ ಏನು ಹೆಸರು ಇಟ್ರಂತ?"

ಕಾಗದ ಬಿಚ್ಚಿ ಮುಂದಿಟ್ಟೆ. ಬೀಗತಿ ತನ್ನ ಮೊಮ್ಮಗನನ್ನು ಕರೆದು ಓದಿಸಿದಳು. ಅವನು ಬೆರಿತಳ ಹೆಸರು ಓದಿದ ಕೂಡಲೇ ಬೀಗತಿಯ ಮುಖದಲ್ಲಿ ಬೆಳಕು ಬಂತು, "ಅಯ್ಯ, ಯಾರ್ದೋ ದೊರೆಸಾನಿದು," ಎಂದಳು.

"ಇನ್ನೂ ಐತಿ, ಓದಪ್ಪ," ಎಂದೆ.

"ಸಂಗಮ್ಮ," ಎಂದ ಅವನು.

ಅಡಕೊತ್ತು ನಿಂತಿತು.

"ಅದು ಮುನ್ನೀದಲ್ಲೇನ್ರಿ?" ಬೀಗತಿ ಕೇಳಿದಳು.

"ಹೌದ್ರಿ, ಮುನ್ನೀದು. ಮುನ್ನೀದು ಯಾರ್ದು?"

ಬೀಗತಿ ಕಾಗದವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು, ಬೆನ್ನ ಕಡೆ ಧರೂರು ಕಾಲುವೆಯ ಸುದ್ದಿ ಏನಾದರೂ ಇದೆಯೇನೋ ಎನ್ನುವ ಹಾಗೆ. ಮಡಿಚಿ ನನಗೆ ಕೊಟ್ಟಳು. ಎದ್ದು ಒಳಗೆ ಹೋದಳು. ಒಳಗೆ ಪಾತ್ರೆಗಳ ಸಪ್ಪಳ ಅಷ್ಟು ಜೋರಾಗಿ ಆಗಬೇಕಿರಲಿಲ್ಲ. ಸ್ವಲ್ಪ ಹೊತ್ತಿಗೆ ಚಹಾ ತಂದಿಟ್ಟಳು.

ಸಕ್ಕರೆ ಹಾಕುವುದನ್ನು ಮರೆತಿದ್ದಳು. ನಾನು ಹೇಳಲಿಲ್ಲ. ಎರಡು ಕಪ್ಪು ಕುಡಿದೆ.